ವ್ಯಾಗನ್ ಆರ್ ವಾಟರ್ ಪಂಪ್: ಬೆಲ್ಟ್ ತೆಗೆಯುವ ಮುಂಚೆ

ಸುರತ್ಕಲ್‌ನವರೇ, 2012ರ ವ್ಯಾಗನ್ ಆರ್ ಅಡಿ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ತೊಟ್ಟಿಕ್ತಾ ಉಂಟು, ಅದನ್ನು ಇಂಜಿನಿನಲ್ಲಿ ಹರಿಸುವ ವಾಟರ್ ಪಂಪ್ ಮನೆಯಲ್ಲೇ ಬದಲಿಸಬಹುದಾ ಅಂತ ಕೇಳಿದ್ದೀರಿ. ಬದಲಿಸಬಹುದು ಮಾರಾಯ್ರೆ. ನಿಮ್ಮದು ಕೆ ಸೀರೀಸ್ ಪೆಟ್ರೋಲ್ ಇಂಜಿನ್, ಟೈಮಿಂಗಿಗೆ, ಅಂದರೆ ವಾಲ್ವ್ ಪಿಸ್ಟನ್‌ಗಳ ತಾಳ ಕೂಡಿಸಲಿಕ್ಕೆ, ಒಳಗೆ ಚೈನ್ ಉಂಟು; ಪಂಪ್ ತಿರುಗುವುದು ಹೊರಗಿನ ಬೆಲ್ಟಿನಲ್ಲಿ. ಟೈಮಿಂಗ್ ತಪ್ಪುವ ಹೆದರಿಕೆ ಇಲ್ಲ.

ಮೊದಲು ಲೀಕ್ ಪಂಪಿನದ್ದೇ ಅಂತ ಖಾತ್ರಿ ಮಾಡಿ. ಪುಲ್ಲಿಯ (ಬೆಲ್ಟ್ ಸುತ್ತಿದ ಚಕ್ರ) ಹಿಂದೆ, ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಇರ್ತದೆ. ಅಲ್ಲಿಂದ ಒಣಗಿದ ಕೂಲಂಟಿನ ಗೆರೆ ಇಳಿದಿದ್ದರೆ ಒಳಗಿನ ಸೀಲ್ ಹೋಗಿದೆ. ಹೋಸ್ ಕ್ಲಿಪ್ ಸಡಿಲವಾಗಿ ಸೋರುವುದಾದರೆ ಸುಮ್ಮನೆ ಪಂಪಿಗೆ ದುಡ್ಡು ಹಾಕಬೇಡಿ.

ಪುಲ್ಲಿಯ ಬೋಲ್ಟುಗಳನ್ನು ಬೆಲ್ಟ್ ಬಿಗಿ ಇರುವಾಗಲೇ ಸಡಿಲಿಸಿಕೊಳ್ಳಿ. ನಾನು ಬೆಲ್ಟ್ ಮೊದಲು ಬಿಚ್ಚಿ, ಸ್ಪ್ಯಾನರಿನ ಜೊತೆ ಪುಲ್ಲಿಯೂ ಗಿರಗಿರ ತಿರುಗಿ, ಅರ್ಧ ದಿನ ಹಾಳು ಮಾಡಿಕೊಂಡವ! ನಮ್ಮ ಕಡಲ ಗಾಳಿಗೆ ಬೋಲ್ಟ್ ತುಕ್ಕು ಹಿಡಿದು ಕೂತಿರ್ತದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಪಂಪ್ ಬಿಚ್ಚಿದ ಮೇಲೆ ಹಳೆ ಗ್ಯಾಸ್ಕೆಟ್ (ಸಂದಿಯಲ್ಲಿ ಸೋರದಂತೆ ಇಡುವ ತೆಳು ಹಾಳೆ) ಅಂಟಿಕೊಂಡಿದ್ದರೆ ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಸ್ಕ್ರೂಡ್ರೈವರಿನಲ್ಲಿ ಅಲ್ಯೂಮಿನಿಯಂ ಗೀರಿದರೆ ಹೊಸ ಪಂಪೂ ಸೋರ್ತದೆ.

ಬಾವಿ ನೀರು ಬೇಡ, ರೆಡಿ ಮಿಕ್ಸ್ ಕೂಲಂಟೇ ಹಾಕಿ. ತಣ್ಣಗಿರುವಾಗ ತುಂಬಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಮುಚ್ಚಳ ತೆರೆದಿಟ್ಟೇ ಸ್ಟಾರ್ಟ್ ಮಾಡಿ; ಗುಳ್ಳೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪ ಸೇರಿಸ್ತಾ ಇರಿ. ಹಳೆ ಕೂಲಂಟ್ ಅಂಗಳದಲ್ಲಿ ಚೆಲ್ಲಬೇಡಿ, ಸಿಹಿ ಅಂತ ನೆಕ್ಕಿದ ನಾಯಿ ಉಳಿಯುವುದು ಕಷ್ಟ.

ಶಿರಾಡಿ ಘಾಟಿ ಹತ್ತಿಸುವ ಮೊದಲು ಒಮ್ಮೆ ಪಡುಬಿದ್ರಿವರೆಗೆ ಹೋಗಿ ಬನ್ನಿ, ಮರುದಿನ ಬೆಳಿಗ್ಗೆ ಲೆವೆಲ್ ನೋಡಿ.