ಪ್ಯಾಕೇಜ್ 3.6 ಲಕ್ಷ, ಸಾಲದ ಕಂತು ಎಷ್ಟಿರಬೇಕು?

ಪ್ರಶ್ನೆ: ಅಕ್ಕಾ, ನಾನು ಕಲಬುರಗಿಯಲ್ಲಿ ಬಿಇ ಕೊನೇ ವರ್ಷ ಓದ್ತಿದ್ದೇನೆ. ಬ್ಯಾಂಕಿನಿಂದ ವರ್ಷಕ್ಕೆ 1 ಲಕ್ಷದಂತೆ 4 ಲಕ್ಷ ಶಿಕ್ಷಣ ಸಾಲ ಆಗಿದೆ, ಬಡ್ಡಿ 10%. ಇಲ್ಲಿವರೆಗೆ ಏನೂ ಕಟ್ಟಿಲ್ಲ. ಅಪ್ಪ ಕೋ-ಅಪ್ಲಿಕೆಂಟ್ (ಸಾಲಕ್ಕೆ ಸಹ-ಅರ್ಜಿದಾರರು), ಊರಲ್ಲಿ ನಾಲ್ಕು ಎಕರೆ ತೊಗರಿ ಇದೆ. ಬೆಂಗಳೂರಿನ ಕಂಪನಿಯಿಂದ 3.6 ಲಕ್ಷದ ಆಫರ್ ಬಂದಿದೆ. ತಿಂಗಳಿಗೆ 30,000. ಐದು ವರ್ಷದಲ್ಲಿ ಮುಗಿಸಿದರೆ ಕಂತು 8,500 ಬರುತ್ತೆ. ಆರಾಮಾಗಿ ಕಟ್ಟಬಹುದು ಅಲ್ವಾ?
– ಹೆಸರು ಬೇಡ, ಸೇಡಂ ತಾಲ್ಲೂಕು

ಉತ್ತರ: ತಂಗಿ, ನಿನ್ನ ಲೆಕ್ಕದಲ್ಲಿ ಎರಡೂ ಕಡೆ ತಪ್ಪಿದೆ. ಸಂಬಳ ಅಷ್ಟು ಬರಲ್ಲ, ಸಾಲ ಅಷ್ಟೇ ಇರಲ್ಲ.

ಮೊದಲು ಸಂಬಳ. ಪ್ಯಾಕೇಜ್ ಅಂತ ಹೇಳೋ 30,000ದಲ್ಲಿ ಕಂಪನಿ ಕಟ್ಟೋ ಪಿಎಫ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡೋ ಇಡುಗಂಟು) ಎರಡೂ ಸೇರಿರುತ್ತವೆ. ಬೇಸಿಕ್, ಅಂದರೆ ಮೂಲ ವೇತನ, 15,000 ಅಂತ ಇಟ್ಟುಕೊಂಡರೆ ಅವೆರಡಕ್ಕೇ 2,500 ಹೋಯಿತು. ಆಮೇಲೆ ನಿನ್ನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ ಬರೋದು ಹತ್ತಿರ ಹತ್ತಿರ 25,500. ಆಫರ್ ಲೆಟರಲ್ಲಿ ‘ವೇರಿಯಬಲ್ ಪೇ’ (ಕೆಲಸ ನೋಡಿ ಕೊಡೋ ಹಣ) ಅಂತ ಏನಾದರೂ ಬರೆದಿದೆಯಾ ನೋಡು, ಇದ್ದರೆ ಅದು ತಿಂಗಳಾ ತಿಂಗಳಾ ಬರಲ್ಲ, ಕೆಲವೊಮ್ಮೆ ಪೂರ್ತಿ ಬರೋದೇ ಇಲ್ಲ, ಹಾಗಾಗಿ ಅದನ್ನು ಲೆಕ್ಕಕ್ಕೇ ಹಿಡೀಬೇಡ.

ಈಗ ಸಾಲ. ಓದೋ ಕಾಲ ಮತ್ತು ಆಮೇಲೆ ಒಂದು ವರ್ಷ ಕಂತು ಇರಲ್ಲ, ನಿಜ. ಆದರೆ ಬಡ್ಡಿ ನಿಂತಿರಲ್ಲ. ಮೊದಲ ವರ್ಷದ 1 ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000, ಎರಡನೇದಕ್ಕೆ 40,000, ಹೀಗೆ ಕೂಡಿಸಿದರೆ 1.4 ಲಕ್ಷ. ಕಂತು ಶುರುವಾಗೋ ದಿನ ಅದು ಅಸಲಿಗೆ ಸೇರುತ್ತೆ. ಆಗ ನೀನು 5.4 ಲಕ್ಷದ ಸಾಲಗಾರ್ತಿ. ಐದು ವರ್ಷಕ್ಕೆ ಹಾಕಿದರೆ ಕಂತು 8,500 ಅಲ್ಲ, ಸುಮಾರು 11,500!

ಊಟ ಸೇರಿ ಪಿಜಿಗೆ 9,000, ಓಡಾಟ, ಫೋನು, ಸೋಪು-ಶಾಂಪೂಗೆ 4,000, ಮನೆಗೆ 4,000 ಅಂತ ಇಟ್ಟುಕೋ. ಉಳಿಯೋದು 8,500. ಎಳ್ಳಮಾವಾಸ್ಯೆಗೆ ಊರಿಗೆ ಬರೋ ರೈಲು ಟಿಕೆಟ್ಟೂ ಇದರಲ್ಲೇ. (ಬರದೇ ಇರ್ತೀಯಾ? ಸುಮ್ನೆ ಹೇಳಬೇಡ.)

ಹತ್ತು ವರ್ಷಕ್ಕೆ ಹಾಕಿಸು. ಕಂತು 7,100ರ ಆಸುಪಾಸು ಬರುತ್ತೆ. ಇನ್ನೂ ಒಂದು ದಾರಿ ಇದೆ: ಕೆಲಸಕ್ಕೆ ಸೇರಿದ ಮೊದಲ ತಿಂಗಳಿಂದಲೇ, ಕಂತು ಶುರುವಾಗೋಕೆ ಮುಂಚೆನೇ, ತಿಂಗಳಿಗೆ 3,300 ಬಡ್ಡಿ ಕಟ್ಟುತ್ತಾ ಬಾ. ಒಂದು ವರ್ಷ ಹಾಗೆ ಮಾಡಿದರೆ ಸಾಲ 5 ಲಕ್ಷಕ್ಕೆ ನಿಲ್ಲುತ್ತೆ, ಕಂತು 6,600. ಹದಿನೈದು ವರ್ಷಕ್ಕೆ ಎಳೀಬೇಡ, ಒಟ್ಟು ಕಟ್ಟೋದು ಜಾಸ್ತಿ ಆಗುತ್ತೆ. ಸಂಬಳ ಏರಿದಾಗ ಅಸಲಿಗೆ ಜಾಸ್ತಿ ಕಟ್ಟು. ಬಡ್ಡಿ ದರ ಫ್ಲೋಟಿಂಗ್ (ಆಗಾಗ ಏರಿಳಿಯೋದು) ಆಗಿದ್ದರೆ ಮುಂಚಿತವಾಗಿ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ.

ಶಿಕ್ಷಣ ಸಾಲದ ಬಡ್ಡಿಗೆ ಸಿಗೋ ತೆರಿಗೆ ವಿನಾಯಿತಿ ಬಗ್ಗೆ ಯಾರಾದರೂ ಹೇಳಿದರೆ ಈಗ ತಲೆ ಕೆಡಿಸಿಕೊಳ್ಳಬೇಡ. ಈ ಸಂಬಳಕ್ಕೆ ತೆರಿಗೆಯೇ ಬರಲ್ಲ.

ನನಗೆ ಜಾಸ್ತಿ ಚಿಂತೆ ಇರೋದು ಅಪ್ಪನದು. ಅವರು ಕೋ-ಅಪ್ಲಿಕೆಂಟ್ ಅಂದ ಮೇಲೆ ನೀನು ಕಂತು ತಪ್ಪಿಸಿದರೆ ಅವರ ಸಿಬಿಲ್ ಸ್ಕೋರೂ (ಸಾಲ ಸರಿಯಾಗಿ ತೀರಿಸ್ತಾರಾ ಅಂತ ಬ್ಯಾಂಕ್ ನೋಡೋ ಅಂಕ) ಬೀಳುತ್ತೆ. ಮುಂದಿನ ಸಲ ಬೆಳೆ ಸಾಲಕ್ಕೆ ಹೋದಾಗ, ಅದೂ ಮಳೆ ಕೈಕೊಟ್ಟ ವರ್ಷ, ಮ್ಯಾನೇಜರ್ ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸಿದರೆ ಅವರಿಗೆ ಕಾರಣ ಕೂಡ ಗೊತ್ತಿರಲ್ಲ. ಜಾಯ್ನಿಂಗ್ ತಡವಾದರೂ ಕಂತು ಇಲ್ಲದ ಆ ಒಂದು ವರ್ಷ ಓಡ್ತಾನೇ ಇರುತ್ತೆ, ಅದು ಎಣಿಕೆಯಾಗೋದು ಕೋರ್ಸ್ ಮುಗಿದ ದಿನದಿಂದ. ಹಾಗೇನಾದರೂ ಆದರೆ ಕಂತು ತಪ್ಪೋ ಮೊದಲೇ ಶಾಖೆಗೆ ಹೋಗಿ ಮಾತಾಡು.

ಹಾಂ, ಇನ್ನೊಂದು. ಮನೆಯ ವಾರ್ಷಿಕ ಆದಾಯ 4.5 ಲಕ್ಷದ ಒಳಗಿದ್ದು, ಕಾಲೇಜು ಅಥವಾ ಕೋರ್ಸಿಗೆ ನ್ಯಾಕ್ ಇಲ್ಲವೇ ಎನ್‌ಬಿಎ ಮಾನ್ಯತೆ ಇದ್ದರೆ ಕೇಂದ್ರದ ಬಡ್ಡಿ ಸಹಾಯಧನ ಸಿಗಬಹುದು. ಕಂತು ಶುರುವಾಗೋವರೆಗಿನ ಬಡ್ಡಿಯನ್ನು ಸರ್ಕಾರವೇ ಭರಿಸುತ್ತೆ. ಅದು ಪೂರ್ತಿ ಬಂದಿದ್ದರೆ ನಿನ್ನ ಸಾಲ 4 ಲಕ್ಷವೇ, ಹತ್ತು ವರ್ಷದ ಕಂತು 5,300. ಸಾಲ ತೆಗೆಯುವಾಗ ಆದಾಯ ಪ್ರಮಾಣ ಪತ್ರ ಕೊಟ್ಟಿದ್ರಾ ಅಂತ ಅಪ್ಪನ್ನ ಕೇಳು. ಇದೇ ವಾರ ಬ್ಯಾಂಕಿಗೆ ಹೋಗಿ ಸಾಲದ ಸ್ಟೇಟ್‌ಮೆಂಟ್ ತೆಗೆಸಿ, ಸಹಾಯಧನಕ್ಕೆ ಕ್ಲೇಮ್ ಹಾಕಿದ್ದಾರಾ ಅಂತ ವಿಚಾರಿಸು. ‘ನಾಳೆ ಬನ್ನಿ’ ಅಂದರೆ ನಾಳೆನೂ ಹೋಗು.