ತುಕ್ಕು ಹಿಡಿದ ಹೆರಾಲ್ಡ್: ಪೇಂಟ್ ಡಬ್ಬ ಆಮೇಲೆ ತನ್ನಿ

ಕಾಸರಗೋಡಿನ ಪೆರ್ಲದಿಂದ ಫೋಟೋ ಹಾಕಿದವರಿಗೆ ಈ ಉತ್ತರ. ಮಾವನ ಮನೆಯ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷ ನಿಂತಿದ್ದ ಎರಡು ಬಾಗಿಲಿನ ಹಳೆ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರ್ ನಿಮ್ಮ ಕೈಗೆ ಬಂದಿದೆ. ಟಾಪ್ ಕತ್ತರಿಸಿ ಸ್ಪಿಟ್‌ಫೈರ್ ಥರ ಓಪನ್ ಸ್ಪೋರ್ಟ್ಸ್ ಕಾರ್ ಮಾಡುವ ಆಸೆ. ಮಳೆಗಾಲದಲ್ಲಿ ಬಿಡುವು ಸಿಗುತ್ತದೆ, ಆಗ ಪೂರ್ತಿ ಉಜ್ಜಿ ಪ್ರೈಮರ್ ಹೊಡೆದು ಇಡಬಹುದಾ ಅಂತ ಕೇಳಿದ್ದೀರಿ.

ಬೇಡ ಮಾರಾಯ್ರೇ. ಎರಡೂ ಬೇಡ.

ನಾನು ಅದನ್ನೇ ಮಾಡಿ ಕೈ ಸುಟ್ಟುಕೊಂಡವ. ನನ್ನ ಮನೆ ಕುಂಬಳೆಯಲ್ಲಿ, ಕಡಲು ಹತ್ತಿರ. ಏಪ್ರಿಲ್‌ನಲ್ಲಿ ಇಡೀ ಗಾಡಿಯನ್ನು ತಗಡು ಕಾಣುವ ತನಕ ಉಜ್ಜಿದೆ. ಅಂಗಡಿಯಲ್ಲಿ ಸಿಕ್ಕಿದ ಬೂದು ಪ್ರೈಮರ್ ಹೊಡೆದೆ. ನೋಡಲು ಬಾರೀ ಚಂದ ಇತ್ತು. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯಿತು. ನೀಲಿ ಟಾರ್ಪಲ್ ಬಿಗಿಯಾಗಿ ಸುತ್ತಿ ಕಟ್ಟಿದೆ. ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ಕಳೆಯುವಾಗ, ಬಿಚ್ಚಿದರೆ ಪ್ರೈಮರ್ ತುಂಬ ಕಂದು ಚುಕ್ಕಿ. ಉಗುರಲ್ಲಿ ಗೀರಿದರೆ ಪದರವೇ ಏಳುತ್ತಿತ್ತು. ಮಾಮೂಲಿ ಪ್ರೈಮರ್ ನೀರನ್ನು ತಡೆಯುವುದಿಲ್ಲ, ಹೀರುತ್ತದೆ. ಅದರ ಮೇಲೆ ಪೇಂಟ್ ಬೀಳಬೇಕು. ಸಾಲದ್ದಕ್ಕೆ ಟಾರ್ಪಲ್ ಒಳಗೆ ನೆಲದ ತೇವ ಏರಿ ಬೆವರಿದೆ. ಮೂರು ತಿಂಗಳ ಕೆಲಸ ಹೊಳೆಗೆ ಹೋಯಿತು.

ಈಗ ನನ್ನ ಕ್ರಮ ಇಷ್ಟೆ: ಇವತ್ತು ಉಜ್ಜಿದ ಜಾಗಕ್ಕೆ ಇವತ್ತೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಎರಡು ಡಬ್ಬ ಬೆರೆಸಿ ಹೊಡೆಯುತ್ತಾರಲ್ಲ, ಅದು. ದಿನಕ್ಕೆ ಒಂದು ಬಾಗಿಲು ಆದರೆ ಒಂದೇ ಬಾಗಿಲು. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು, ಹಾಗಾಗಿ ಒಣ ಧೂಳು ಎಬ್ಬಿಸಬೇಡಿ. ಅಂಥ ಕಡೆ ನೀರು ಹಾಕಿ ಎಮರಿ ಕಾಗದದಿಂದ ಉಜ್ಜಿ, ಮಾಸ್ಕ್ ಹಾಕಿ, ಪ್ರೈಮರಿಗೆ ಮೊದಲು ಪೂರ್ತಿ ಒಣಗಿಸಿ.

ಟಾಪ್ ವಿಷಯ. ಗ್ರೈಂಡರ್ ಕೆಳಗಿಡಿ. ಎರಡು ಬಾಗಿಲಿನ ಹೆರಾಲ್ಡ್‌ನ ಟಾಪ್ ಬೋಲ್ಟಿನಲ್ಲಿ ಕೂತಿರುವುದು, ಬಿಚ್ಚಿ ತೆಗೆಯಬಹುದು. ಇದಕ್ಕೆ ಒಂದು ಕಥೆ ಇದೆ. ಹೆರಾಲ್ಡ್ ಮೂಲದಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಂಪನಿಯದು. ಅವರಿಗೆ ಬಾಡಿ ಒತ್ತಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಕೊಂಡಿತು. ಇಡೀ ಬಾಡಿ ಒಂದೇ ತುಂಡಾಗಿ ಮಾಡಿಸಲು ದಾರಿ ಇಲ್ಲ. ಹಾಗಾಗಿ ಚಾಸಿಯನ್ನು, ಅಂದರೆ ಅಡಿಯ ಚೌಕಟ್ಟನ್ನು, ಪ್ರತ್ಯೇಕವಾಗಿ ಮಾಡಿ, ಬಾಡಿಯನ್ನು ತುಂಡು ತುಂಡಾಗಿ ಮಾಡಿಸಿ, ಬೋಲ್ಟ್ ಹಾಕಿ ಜೋಡಿಸಿದರು. ಇಟಲಿಯ ಡಿಸೈನರ್ ಮಿಖೆಲೊಟ್ಟಿ ಗೆರೆ ಎಳೆದದ್ದು, 1959ರಲ್ಲಿ ಬಂತು. ಅದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಮಾಡಿದರು, ಅದರ ಗೆರೆಯೂ ಅವರದೇ. ಮದ್ರಾಸಿನಲ್ಲಿ ತಯಾರಾದ ನಮ್ಮ ಹೆರಾಲ್ಡ್ ಹಾಗೆ ನೋಡಿದರೆ ಸ್ಪಿಟ್‌ಫೈರಿನ ಅಣ್ಣ. ಅವರ ಆ ಕಷ್ಟದಿಂದ ನಮಗೆ ಲಾಭ. ಮನೆಯಂಗಳದಲ್ಲಿ ಬಿಚ್ಚಿ ರಿಪೇರಿ ಮಾಡಲು ಇಷ್ಟು ಸುಲಭದ ಗಾಡಿ ಕಡಿಮೆ. ಬಾನೆಟ್ ಇಡೀ ಮುಂದಕ್ಕೆ ಮಗುಚುತ್ತದೆ, ಟಯರ್ ಮೇಲೆ ಕೂತು ಎಂಜಿನ್ ಬಿಚ್ಚಬಹುದು!

ಟಾಪ್ ಕತ್ತರಿಸದೆ ಇರಲು ಇನ್ನೊಂದು ಕಾರಣ ಕಾಗದಪತ್ರ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸದಾಗಿ ಮಾಡಿಸಲು ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹಾಗೆ ನೋಂದಾಯಿಸಿದರೆ ದಿನಾ ಪೇಟೆಗೆ ಓಡಿಸುವ ಹಾಗೂ ಇಲ್ಲ, ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿಗೆ ಮಾತ್ರ. ಹಳೆ ಆರ್‌ಸಿ ಮನೆಯ ಯಾವುದಾದರೂ ಟ್ರಂಕಿನಲ್ಲಿ ಇದೆಯಾ ಅಂತ ಮೊದಲು ಅತ್ತೆಯವರಲ್ಲಿ ಕೇಳಿ. ಸ್ಪಾನರ್ ಆಮೇಲೆ.

ಇನ್ನು ತುಕ್ಕು. ಫೋಟೋದಲ್ಲಿ ನೀವು ಬಾಗಿಲು, ಡಿಕ್ಕಿ ತೋರಿಸಿದ್ದೀರಿ. ಕಣ್ಣಿಗೆ ಕಾಣುವ ಆ ತುಕ್ಕಿಗೆ ನಾನು ಹೆದರುವುದಿಲ್ಲ. ಗಾಡಿಯ ಅಡಿಗೆ ಹೋಗಿ. ಮನೆ ಕಟ್ಟುವ ಕೆಂಪು ಮುರಕಲ್ಲು ಅಡಿಗಿಟ್ಟು ನುಗ್ಗಬೇಡಿ, ಆ ಕಲ್ಲು ಯಾವಾಗ ಒಡೆಯುತ್ತದೆ ಹೇಳಲಾಗದು. ಸರಿಯಾದ ಜ್ಯಾಕ್ ಸ್ಟ್ಯಾಂಡ್ ತನ್ನಿ. ಚಾಸಿಯ ನಡುಬೆನ್ನಿನಿಂದ ಎರಡೂ ಕಡೆಗೆ ಕೈಗಳ ಹಾಗೆ ಔಟ್‌ರಿಗ್ಗರ್ ಚಾಚಿರುತ್ತವೆ. ಬಾಡಿ ಕೂರುವುದು ಅವುಗಳ ಮೇಲೆ. ಕೆಸರು ನಿಂತು ಒಳಗಿಂದಲೇ ತಿಂದುಹೋಗುವ ಜಾಗ ಅದು. ಸ್ಕ್ರೂಡ್ರೈವರ್‌ನಿಂದ ಜೋರಾಗಿ ಚುಚ್ಚಿ. ಠಣ್ ಅಂದರೆ ಒಳ್ಳೆಯದು. ಒಳಗೆ ಇಳಿದರೆ ಕತ್ತರಿಸಿ ಹೊಸದು ಹಾಕಲೇಬೇಕು. ಅಲ್ಲಿ ಪುಟ್ಟಿ ಮೆತ್ತುವ ಟಿಂಕರ್ (ತಗಡು ಕೆಲಸದವ) ಸಿಕ್ಕಿದರೆ ಚಹಾ ಕೊಟ್ಟು ಕಳುಹಿಸಿ.

ಔಟ್‌ರಿಗ್ಗರ್ ಕತ್ತರಿಸುವ ಮೊದಲು ಬಾಗಿಲು ಮುಚ್ಚಿದಾಗ ಸುತ್ತಲೂ ಎಷ್ಟು ಸಂದು ಇದೆ ಅಂತ ಅಳೆದು ಬರೆದಿಡಿ. ಆಮೇಲೆ ಬಾಗಿಲಿನ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡಿ ಬಿಗಿ ಮಾಡಿ. ಇಲ್ಲದಿದ್ದರೆ ಬಾಡಿ ಬಾಗುತ್ತದೆ, ಮತ್ತೆ ಬಾಗಿಲು ಮುಚ್ಚುವುದಿಲ್ಲ. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆ ಮುಟ್ಟಿ. ಬಾಡಿಗೆ 20 ಗೇಜಿನ ಸಿ.ಆರ್. ಶೀಟ್ (ಸತು ಲೇಪ ಇಲ್ಲದ ಉಕ್ಕಿನ ತಗಡು) ಸಾಕು, ಚಾಸಿಗೆ ಇನ್ನೂ ದಪ್ಪ ಬೇಕು. ಸತು ಲೇಪದ ಜಿ.ಐ. ಶೀಟ್ ಬೇಡ, ವೆಲ್ಡ್ ಮಾಡುವಾಗ ಬರುವ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ತೆಳು ಶೀಟಿಗೆ ಮಿಗ್ ವೆಲ್ಡಿಂಗ್ (ತಂತಿ ತಾನಾಗಿ ಬರುವಂಥದ್ದು), ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕುತ್ತಾ ಹೋಗಿ. ಒಂದೇ ಗೆರೆ ಎಳೆದರೆ ತಗಡು ಹಪ್ಪಳದ ಹಾಗೆ ಸುಕ್ಕಾಗುತ್ತದೆ. ಪೆಟ್ರೋಲ್ ಟ್ಯಾಂಕನ್ನು ಮೊದಲೇ ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕ್ ಇನ್ನೂ ಅಪಾಯ, ಒಳಗೆ ಆವಿ ಇರುತ್ತದೆ.

ಮಳೆಗಾಲಕ್ಕೆ ಏನು ಕೆಲಸ ಅಂದರೆ ಸಣ್ಣ ಸಾಮಾನು. ಬೋಲ್ಟ್, ಹಿಂಜ್, ಬ್ರಾಕೆಟ್ ಎಲ್ಲ. ನಮ್ಮ ಹಿತ್ತಿಲ ಬಿಂಬುಳಿ ಕಾಯಿಯ ಹುಳಿ ರಸದಲ್ಲಿ ಒಂದೆರಡು ದಿನ ನೆನೆಸಿದರೆ ತುಕ್ಕು ಬಿಡುತ್ತದೆ, ಅದರಲ್ಲಿ ಆಕ್ಸಾಲಿಕ್ ಆಮ್ಲ ಇದೆ. ದೊಡ್ಡ ತುಂಡಿನ ತುಕ್ಕನ್ನು ಕರೆಂಟಿನಿಂದ ಬಿಡಿಸಬಹುದು. ಅದಕ್ಕೆ ಬೇಕಾದ್ದು ಪ್ಲಾಸ್ಟಿಕ್ ಡ್ರಮ್, ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್. ಚಾರ್ಜರಿನ ನೆಗೆಟಿವ್ ನಿಮ್ಮ ಸಾಮಾನಿಗೆ, ಪಾಸಿಟಿವ್ ಹಳೆ ಕಬ್ಬಿಣದ ತುಂಡಿಗೆ. ಒಂದಕ್ಕೊಂದು ತಾಗಬಾರದು. ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಹಾಕಲೇಬೇಡಿ, ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಜಗಲಿಯ ಹೊರಗೆ, ಗಾಳಿ ಆಡುವಲ್ಲಿ ಇಡಿ. ಯಾವ ವಿಧಾನವಾದರೂ ತೊಳೆದು ಬಿಸಿ ಮಾಡಿ ಒಣಗಿಸಿ, ಕೂಡಲೇ ಎಣ್ಣೆ ಅಥವಾ ಪ್ರೈಮರ್.

ಒಂದು ವಿಷಯ ಮರೆಯಬೇಡಿ, ಇದು ಜೀವದ ಪ್ರಶ್ನೆ. ಮುಂದಿನ ಎರಡೂ ಚಕ್ರಗಳ ಒಳಬದಿಯಲ್ಲಿ, ಕೆಳಗೆ, ಟ್ರನಿಯನ್ ಅಂತ ಹಿತ್ತಾಳೆಯ ತುಂಡು ಇದೆ. ಅದರೊಳಗೆ ಉಕ್ಕಿನ ಕಂಬ ಥ್ರೆಡ್ಡಿನಲ್ಲಿ ತಿರುಗುತ್ತದೆ. ಅದಕ್ಕೆ ಇ.ಪಿ. 90 ಗೇರ್ ಆಯಿಲ್ ಹಾಕಬೇಕು. ಎಷ್ಟೋ ಮಂದಿ ಸುಮ್ನೆ ಗ್ರೀಸ್ ತುಂಬುತ್ತಾರೆ. ಗ್ರೀಸ್ ಥ್ರೆಡ್ಡಿನ ತುದಿಯವರೆಗೆ ಹೋಗುವುದಿಲ್ಲ, ನೀರು ನಿಲ್ಲುತ್ತದೆ, ಕಂಬ ಒಳಗೇ ತುಕ್ಕು ಹಿಡಿದು ಒಂದು ದಿನ ತಿರುವಿನಲ್ಲಿ ಮುರಿಯುತ್ತದೆ. ಚಕ್ರ ಮಡಚಿ ಬೀಳುತ್ತದೆ. ಇಪ್ಪತ್ತು ವರ್ಷ ನಿಂತ ಗಾಡಿಯದ್ದಾದರೆ ಎರಡೂ ಬಿಚ್ಚಿ ನೋಡದೆ ಗೇಟು ದಾಟಿಸಬೇಡಿ.

ಪೇಂಟ್ ಡಿಸೆಂಬರ್ ನಂತರ. ತೇವದ ಗಾಳಿಯಲ್ಲಿ ಎನ್.ಸಿ. ಪೇಂಟ್ (ಥಿನ್ನರ್ ಆರಿ ಬೇಗ ಒಣಗುವ ಹಳೇ ಥರದ್ದು) ಹೊಡೆದರೆ ಬಿಳಿ ಮಸುಕು ಕೂರುತ್ತದೆ. ಹಾರ್ಡ್‌ನರ್ ಬೆರೆಸಿ ಹೊಡೆಯುವ 2ಕೆ ಪೇಂಟ್ ಚೆನ್ನಾಗಿ ನಿಲ್ಲುತ್ತದೆ, ಆದರೆ ಅದರ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕಿಗೆ ನಿಲ್ಲುವುದಿಲ್ಲ. ಪೇಂಟ್ ಹೊಡೆಯುವ ಮುಚ್ಚಿದ ಬೂತ್ ಇರುವ ಕಡೆ ಕೊಟ್ಟು ಮಾಡಿಸಿ. ಕಷ್ಟ ಏನೆಂದರೆ ಆ ತಿಂಗಳುಗಳಲ್ಲೇ ಅಂಗಳ ತುಂಬ ಒಣಹಾಕಿದ ಅಡಿಕೆ. ಗ್ರೈಂಡರಿನ ಕಬ್ಬಿಣದ ಪುಡಿ ಅಡಿಕೆಗೆ ಹಾರಿದ ದಿನ ನಮ್ಮಲ್ಲಿ ರಾತ್ರಿ ಊಟದ ಹೊತ್ತಿಗೆ ಯಾರೂ ಮಾತಾಡಲಿಲ್ಲ. ಹಾಗಾಗಿ ಕೊಟ್ಟಿಗೆಯ ನೆಲಕ್ಕೆ ಸಿಮೆಂಟ್ ಹಾಕಿಸಿ, ಗಾಳಿ ಆಡಲು ಎರಡು ಬದಿ ತೆರೆದಿಡಿ, ಅಲ್ಲೇ ಕೆಲಸ. ಗಾಡಿಯ ತಳಕ್ಕೆ ಕರಿ ಆಯಿಲ್ (ಎಂಜಿನ್ನಿನಿಂದ ತೆಗೆದ ಹಳೆ ಆಯಿಲ್) ಬಳಿಯುವ ಹಳೇ ಕ್ರಮವನ್ನೂ ಬಿಟ್ಟುಬಿಡಿ, ತೊಟ್ಟಿಕ್ಕಿ ಬಾವಿಗೆ ಇಳಿಯುತ್ತದೆ. ಪೇಂಟ್ ಆದ ಮೇಲೆ ಟೊಳ್ಳು ಜಾಗಗಳಿಗೆ ತುಕ್ಕು ತಡೆಯುವ ಮೇಣ, ಕ್ಯಾವಿಟಿ ವ್ಯಾಕ್ಸ್, ಹೊಡೆಸಿ, ಬಾಗಿಲಿನ ಅಡಿಯ ನೀರು ಇಳಿಯುವ ತೂತು ಮುಚ್ಚದ ಹಾಗೆ ನೋಡಿಕೊಳ್ಳಿ.

ಈ ಭಾನುವಾರ ಔಟ್‌ರಿಗ್ಗರ್ ಚುಚ್ಚಿ ನೋಡಿ, ಫೋಟೋ ಇಲ್ಲೇ ಹಾಕಿ. ಬದಲಿಸಲೇಬೇಕು ಅಂತಾದರೆ ನನ್ನ ಮಿಗ್ ಸೆಟ್ ಸುಮ್ಮನೆ ಕೂತಿದೆ, ಬದಿಯಡ್ಕ ತನಕ ತಂದು ಕೊಡುತ್ತೇನೆ.