ಓದುಗರ ಪ್ರಶ್ನೆ: ನನ್ನ ಅವರೆಯೇ ಹೂ ಬಿಡಲಿಲ್ಲ, ಊರಿಗೆ ಸಲಹೆ ಹೇಳಬಹುದೇ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ರೈತ ಮನೆತನದವಳು. ವಯಸ್ಸು 61. ಕೆಲವು ವರ್ಷಗಳಿಂದ ಮಗನ ಸಂಸಾರದೊಂದಿಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ಸಮೀಪ ನೆಲೆಸಿದ್ದೇನೆ. ಇಲ್ಲಿನ ವಿಶ್ವವಿದ್ಯಾಲಯವು ಆಸಕ್ತರಿಗೆ ತರಬೇತಿ ಕೊಟ್ಟು, ಊರಿನವರ ಕೈತೋಟದ ಸಮಸ್ಯೆಗಳಿಗೆ ಉಚಿತವಾಗಿ ಸಲಹೆ ಹೇಳುವ ‘ಮಾಸ್ಟರ್ ಗಾರ್ಡನರ್’ ಸ್ವಯಂಸೇವಕರನ್ನು ಸಿದ್ಧಪಡಿಸುತ್ತದೆ ಎಂದು ತಿಳಿಯಿತು. ಸೇರುವ ಆಸೆಯಿದೆ. ಆದರೆ ಓದಿರುವುದು ಪಿಯುಸಿ, ಇಂಗ್ಲಿಷ್ ಅಷ್ಟಕ್ಕಷ್ಟೆ. ಸಾಲದ್ದಕ್ಕೆ, ಹೋದ ಮೇ ತಿಂಗಳಲ್ಲಿ ಊರಿನ ಬೀಜದಿಂದ ಹಾಕಿದ ಅವರೆ ಚಪ್ಪರ ತುಂಬ ಹಬ್ಬಿತೇ ಹೊರತು ಚಳಿ ಬೀಳುವವರೆಗೂ ಒಂದು ಹೂ ಬಿಡಲಿಲ್ಲ. ನನ್ನ ಬಳ್ಳಿಗೆ ಏನಾಯಿತೆಂದೇ ತಿಳಿಯದ ನಾನು ಬೇರೆಯವರಿಗೆ ಏನು ಹೇಳಿಯೇನು?

ಉತ್ತರ: ಮಾನ್ಯರೆ, ಮೊದಲು ಅವರೆಯ ವಿಷಯ. ನಿಮ್ಮ ಆರೈಕೆಯಲ್ಲಿ ಲೋಪವಿದ್ದಂತೆ ಕಾಣುವುದಿಲ್ಲ. ನಮ್ಮ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಬೆಳೆ. ಆದ್ದರಿಂದಲೇ ನಮ್ಮಲ್ಲಿ ಸೊಗಡವರೆ ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಸಂತೆಗೆ ಬರುತ್ತದೆ. ತುಮಕೂರಿನಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆಯಾದರೆ ಸಿಯಾಟಲ್‌ನಲ್ಲಿ ಅದು ಸುಮಾರು 16 ಗಂಟೆ. ಬೇಸಿಗೆಯಿಡೀ ನಿಮ್ಮ ಬಳ್ಳಿಗೆ ಹೂ ಬಿಡುವ ಕಾಲ ಬಂದಿತೆಂಬ ಸೂಚನೆಯೇ ಸಿಗಲಿಲ್ಲ. ಹಗಲು ಕಿರಿದಾಗಿ ಸೂಚನೆ ಸಿಗುವ ಹೊತ್ತಿಗೆ ಚಳಿ ಬಂದುಬಿಟ್ಟಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಈ ಕಟ್ಟುಪಾಡಿಲ್ಲ. ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುವಂತೆ ಅವುಗಳನ್ನು ರೂಪಿಸಲಾಗಿದೆ. ಆದರೂ ಅವರೆಗೆ ಬೆಚ್ಚನೆಯ ರಾತ್ರಿಯೂ ಬೇಕು, ನಿಮ್ಮ ಕಡೆ ಬೇಸಿಗೆಯ ರಾತ್ರಿಗಳೂ ತಣ್ಣಗಿರುತ್ತವೆ. ಆದ್ದರಿಂದ ತಳಿ ಬದಲಿಸಿದರೆ ಸಾಕು, ಫಸಲು ಖಂಡಿತ ಎಂದು ನಾನು ಹೇಳಲಾರೆ. ಇನ್ನೊಂದು ಮಾತು: ಊರಿಗೆ ಬಂದಾಗ ಬಿತ್ತನೆ ಬೀಜವನ್ನು ಸೀರೆಗಳ ನಡುವೆ ಇಟ್ಟು ಒಯ್ಯಬೇಡಿ. ಬೀಜದೊಂದಿಗೆ ರೋಗವೂ ಕೀಟವೂ ಗಡಿ ದಾಟಬಲ್ಲವಾದ್ದರಿಂದ ಅದಕ್ಕೆ ಅಲ್ಲಿನ ಕೃಷಿ ಇಲಾಖೆಯ ನಿಯಮಗಳಿವೆ, ವಿಮಾನ ನಿಲ್ದಾಣದಲ್ಲಿ ಘೋಷಿಸುವುದು ಕಡ್ಡಾಯ.

ಈಗ ತರಬೇತಿಯ ಮಾತು. ನೀವು ವಾಸವಾಗಿರುವ ಪ್ರದೇಶವೇ ಈ ಯೋಜನೆಯ ತವರು. 1970ರ ದಶಕದ ಆರಂಭದಲ್ಲಿ ಸಿಯಾಟಲ್ ಮತ್ತು ಟಕೋಮಾ ನಗರಗಳು ಬೆಳೆದು, ಹುಲ್ಲುಹಾಸು, ಗುಲಾಬಿ, ಸೇಬಿನ ಗಿಡಗಳ ಬಗ್ಗೆ ಮನೆಮನೆಯಿಂದ ಬರುವ ಪ್ರಶ್ನೆಗಳಿಗೆ ಉತ್ತರಿಸುವುದು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ವಿಸ್ತರಣಾ ಸಿಬ್ಬಂದಿಗೆ ಅಸಾಧ್ಯವಾಯಿತು. ಆಗ ಡೇವಿಡ್ ಗಿಬ್ಬಿ ಮತ್ತು ಬಿಲ್ ಶೀರ್ ಎಂಬ ಅಧಿಕಾರಿಗಳು, ಊರಿನ ಆಸಕ್ತರಿಗೇ ಪಾಠ ಹೇಳಿ ಅವರಿಂದಲೇ ನೆರೆಹೊರೆಯವರಿಗೆ ಉತ್ತರ ಕೊಡಿಸಬಾರದೇಕೆ ಎಂದು ಯೋಚಿಸಿ, 1972ರಲ್ಲಿ ಟಕೋಮಾದ ಒಂದು ಮಾಲ್‌ನಲ್ಲಿ ಮೇಜು ಹಾಕಿ ಪ್ರಯೋಗ ನಡೆಸಿದರು. ಜನ ಮುಗಿಬಿದ್ದರು. ಮರುವರ್ಷ ಸ್ವಯಂಸೇವಕರ ತರಬೇತಿ ಆರಂಭವಾಗಿ, ಮುಂದೆ ಅದು ಅಮೆರಿಕದ ಉದ್ದಗಲಕ್ಕೂ ಹಬ್ಬಿತು. ಇದರ ಹಿಂದೆ ಇನ್ನೂ ಹಳೆಯ ಏರ್ಪಾಡು ಇದೆ: 1862ರ ಕಾಯ್ದೆಯಂತೆ ಸರ್ಕಾರಿ ಭೂಮಿಯ ಆದಾಯದಿಂದ ಕೃಷಿ ಕಲಿಸುವ ಕಾಲೇಜುಗಳು ಹುಟ್ಟಿದವು, 1914ರ ಕಾಯ್ದೆಯಿಂದ ಆ ವಿದ್ಯೆಯನ್ನು ಜನರ ಮನೆಬಾಗಿಲಿಗೆ ಒಯ್ಯುವ ವಿಸ್ತರಣಾ ಸೇವೆ ಬಂತು. 1964ರಲ್ಲಿ ಆರಂಭವಾದ ನಮ್ಮ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯವೂ ಇದೇ ಮಾದರಿಯದು, ಅದನ್ನು ಕಟ್ಟುವಾಗ ಟೆನೆಸಿ ವಿಶ್ವವಿದ್ಯಾಲಯದ ನೆರವೂ ಇತ್ತು. ಆದ್ದರಿಂದ ನೀವು ಪರಕೀಯವಾದ ಯಾವುದೋ ಪಾಠಶಾಲೆಯ ಬಾಗಿಲು ತಟ್ಟುತ್ತಿದ್ದೇನೆಂದು ಭಾವಿಸಬೇಕಾಗಿಲ್ಲ.

ಪದವಿ ಕೇಳುವುದಿಲ್ಲ. ಅರ್ಜಿ, ಶುಲ್ಕ ಮತ್ತು ಪೂರ್ವಾಪರ ತನಿಖೆ ಇರುತ್ತವೆ. ಗಂಟೆಗಳ ಲೆಕ್ಕ ಕೌಂಟಿಯಿಂದ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಬದಲಾಗುತ್ತದೆ. ಸಾಮಾನ್ಯವಾಗಿ 40 ಗಂಟೆಗೂ ಹೆಚ್ಚಿನ ಪಾಠ, ಅನಂತರ ಹೆಚ್ಚುಕಡಿಮೆ ಅಷ್ಟೇ ಗಂಟೆಗಳ ಸೇವೆ. ಮಣ್ಣು, ಗೊಬ್ಬರ, ಕೀಟ, ರೋಗ, ಕಳೆ, ಸವರುವಿಕೆ, ಎಲ್ಲವೂ ಪಾಠದಲ್ಲಿವೆ. ನಿಮ್ಮ ಅನುಭವವನ್ನು ಸ್ವಲ್ಪ ಮಟ್ಟಿಗೆ ಕಳಚಿಟ್ಟು ಕಲಿಯಬೇಕಾದ ಸಂಗತಿಗಳೂ ಸಿಗುತ್ತವೆ. ಉದಾಹರಣೆಗೆ, ಮಳೆ ಸುಣ್ಣದಂಶವನ್ನು ತೊಳೆದೊಯ್ಯುವುದರಿಂದ ನಿಮ್ಮ ಈಗಿನ ಊರಿನ ಮಣ್ಣು ಸಾಮಾನ್ಯವಾಗಿ ಹುಳಿ. ಬಯಲುಸೀಮೆಯ ಕೆಂಪು ಮಣ್ಣಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಆದರೆ ಈ ತರಬೇತಿ ಮುಖ್ಯವಾಗಿ ಕಲಿಸುವುದು, ಉತ್ತರ ಹೇಳುವ ಮುನ್ನ ಕೇಳುವುದನ್ನು. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಹಲವು ವರ್ಷಗಳ ಹಿಂದೆ ಹಾಸನದ ಕಡೆಯ ಓದುಗರೊಬ್ಬರು ನಿಂಬೆ ಗಿಡದ ಎಲೆ ಹಳದಿಯಾಗುತ್ತಿದೆ ಎಂದು ಬರೆದಿದ್ದರು. ಗೊಬ್ಬರ ಸಾಲದೆಂದು ಉತ್ತರಿಸಿದೆ. ಅವರ ಗಿಡ ಮನೆಯ ಬಚ್ಚಲ ನೀರು ಹರಿದು ನಿಲ್ಲುವ ಜಾಗದಲ್ಲಿತ್ತು. ಬೇರು ಕೊಳೆಯುತ್ತಿದ್ದ ಗಿಡಕ್ಕೆ ಅವರು ನನ್ನ ಮಾತು ನಂಬಿ ಗೊಬ್ಬರ ಸುರಿದರು, ಗಿಡ ಹೋಯಿತು. ಗಿಡ ಎಲ್ಲಿದೆ ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಸಲಹಾ ಮೇಜಿನ ಮುಂದೆ ನಿತ್ಯ ನಡೆಯುವುದು ಇಂಥದ್ದೇ. ಪ್ಲಾಸ್ಟಿಕ್ ಚೀಲದಲ್ಲಿ ಟೊಮೆಟೊ ಕಾಯಿ ತಂದು ಒಬ್ಬರು ಇಡುತ್ತಾರೆ. ತೊಟ್ಟಿನ ಕಡೆ ಕಾಯಿ ಚೆನ್ನಾಗಿದೆ. ತಿರುಗಿಸಿದರೆ ಕೆಳತುದಿ ಕಪ್ಪಾಗಿ, ಚಪ್ಪಟೆಯಾಗಿ, ಒಣಗಿದ ತೊಗಲಿನಂತೆ ಒಳಸೇರಿದೆ. ಇದು ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಬರುವ ತುದಿಕೊಳೆ. ಕೂಡಲೇ ಸುಣ್ಣ ಹಾಕಿ ಎನ್ನುವುದು ಸುಲಭ. ತರಬೇತಾದವರು ಮೊದಲು ಕೇಳುವುದು, ನೀರು ಹೇಗೆ ಕೊಡುತ್ತೀರಿ ಎಂದು. ಏಕೆಂದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ, ನಾಲ್ಕು ದಿನ ಒಣಗಿಸಿ ಐದನೆಯ ದಿನ ಮುಳುಗಿಸಿದರೆ ಅದು ಕಾಯಿಗೆ ಸೇರುವುದಿಲ್ಲ. ಒಂದೇ ಹದದಲ್ಲಿ ನೀರು, ಬುಡಕ್ಕೆ ಹುಲ್ಲಿನ ಹೊದಿಕೆ, ಇಷ್ಟರಲ್ಲೇ ಬಹಳಷ್ಟು ಸಲ ಮುಂದಿನ ಕಾಯಿಗಳು ಸರಿಯಾಗುತ್ತವೆ. ಗೊತ್ತಿಲ್ಲದಿದ್ದರೆ ‘ನೋಡಿ ತಿಳಿಸುತ್ತೇನೆ’ ಎಂದು ಹೇಳಿ ಪುಸ್ತಕ ತೆಗೆಯುವುದು ಅಲ್ಲಿ ಅವಮಾನವಲ್ಲ, ಅದೇ ಪದ್ಧತಿ. ಹೀಗಿರುವಾಗ ನಿಮ್ಮ ಅಳುಕು ದೋಷವಲ್ಲ. ತನಗೆ ಎಲ್ಲ ಗೊತ್ತೆಂದು ಬರುವವರಿಗಿಂತ ನೀವೇ ಈ ಕೆಲಸಕ್ಕೆ ಹೆಚ್ಚು ಯೋಗ್ಯರೆಂದು ನಾನು ನಂಬುತ್ತೇನೆ.

ಭಾಷೆಯ ಬಗ್ಗೆ ಹೇಳುವುದಾದರೆ, ಓದುವಷ್ಟು ಇಂಗ್ಲಿಷ್ ಬೇಕೇ ಬೇಕು, ಪಾಠಗಳು ಇರುವುದು ಅದರಲ್ಲೇ. ಆರಂಭದಲ್ಲಿ ಮಗನೋ ಸೊಸೆಯೋ ಜೊತೆಗೆ ಕುಳಿತರೆ ಒಳ್ಳೆಯದು. ಮಾತು ಬರುವವರೆಗೆ ಮೇಜಿನ ಹಿಂದೆಯೇ ಕೂರಬೇಕಾಗಿಲ್ಲ; ಪ್ರಾತ್ಯಕ್ಷಿಕೆ ತೋಟಗಳಲ್ಲಿ ಮಣ್ಣು ಹದ ಮಾಡುವ, ಸಸಿ ನೆಡುವ ಕೆಲಸ ಬೇಕಾದಷ್ಟಿರುತ್ತದೆ. ಸಿಯಾಟಲ್‌ನಲ್ಲಿ 1973ರಿಂದ ನಡೆಯುತ್ತಿರುವ ‘ಪಿ-ಪ್ಯಾಚ್’ ಸಮುದಾಯ ತೋಟಗಳಲ್ಲಿ ಬೆಳೆದ ಸೊಪ್ಪು ತರಕಾರಿಯಲ್ಲಿ ಒಂದು ಪಾಲು ಬಡವರಿಗೆ ಆಹಾರ ಹಂಚುವ ಕೇಂದ್ರಗಳಿಗೆ ಹೋಗುತ್ತದೆ. ಒಮ್ಮೆ ನೋಡಿ ಬನ್ನಿ. ಇನ್ನು, ನಿಮ್ಮ ಸುತ್ತಮುತ್ತ ಕರಿಬೇವನ್ನು ಕುಂಡದಲ್ಲಿ ಉಳಿಸಿಕೊಳ್ಳಲು ಹೆಣಗುವ, ಮೆಂತ್ಯ, ದಂಟು ಬೆಳೆಯಬಯಸುವ ನಮ್ಮ ಕಡೆಯ ಕುಟುಂಬಗಳು ಸಾಕಷ್ಟಿವೆ. ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಕೇಳಿಸಿಕೊಳ್ಳಬಲ್ಲವರು ಆ ಮೇಜಿನ ಹಿಂದೆ ಹೆಚ್ಚು ಮಂದಿ ಇರಲಾರರು.

ಅರ್ಜಿ ಹಾಕುವ ಮುನ್ನ ಒಂದು ಕೆಲಸ ಮಾಡಿ. ಅವರೆಯನ್ನು ಬಿತ್ತಿದ ದಿನ, ಬಿಸಿಲು ಬೀಳುವ ಹೊತ್ತು, ನೀರು ಕೊಟ್ಟ ಬಗೆ, ಹಾಕಿದ ಗೊಬ್ಬರ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಬಳ್ಳಿಯ ಚಿತ್ರದೊಂದಿಗೆ ನಿಮ್ಮ ಕೌಂಟಿಯ ಸಲಹಾ ಮೇಜಿಗೆ ಪ್ರಶ್ನೆ ಕೇಳುವವರಾಗಿಯೇ ಹೋಗಿ. ನನ್ನ ಉತ್ತರವನ್ನು ಅವರಿಗೆ ಮೊದಲೇ ಹೇಳಬೇಡಿ. ಅವರು ನಿಮ್ಮನ್ನು ಯಾವ ಯಾವ ಪ್ರಶ್ನೆ ಕೇಳಿದರು, ಯಾವ ಕ್ರಮದಲ್ಲಿ ಕೇಳಿದರು ಎಂಬುದನ್ನು ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.